ಬಿಟ್ಟಿ ಯಾರದು, ರಿಯಾಯಿತಿ ಯಾರಿಗೆ?

ಆಷಾಢ ಬಂತೆಂದರೆ ಮಂಡ್ಯದ ಪೇಟೆಬೀದಿಯಲ್ಲಿ, ಮದ್ದೂರಿನ ಹಳೆಯ ಹೆದ್ದಾರಿಯ ಎರಡೂ ಮಗ್ಗುಲಲ್ಲಿ, ಮಳವಳ್ಳಿಯ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಬ್ಯಾನರುಗಳು ಏಳುತ್ತವೆ. ಮದುವೆ ಮುಂಜಿ ಇಲ್ಲದ ತಿಂಗಳು, ಗಿರಾಕಿ ಇಲ್ಲ, ಆದ್ದರಿಂದ 'ಆಷಾಢದ ಭಾರೀ ರಿಯಾಯಿತಿ'. ಶ್ರಾವಣ ಬಂದರೆ ಅದೇ ಬ್ಯಾನರಿನಲ್ಲಿ 'ಹಬ್ಬದ ರಿಯಾಯಿತಿ' ಎಂದಾಗುತ್ತದೆ. ರಂಜಾನ್ ಬಂದರೆ ಚಂದ್ರ, ನಕ್ಷತ್ರ ಬರೆದು 'ಈದ್ ಆಫರ್'. ಡಿಸೆಂಬರಿನಲ್ಲಿ ವರ್ಷಾಂತ್ಯದ್ದು, ಜನವರಿಯಲ್ಲಿ ಹೊಸ ವರ್ಷದ್ದು, ನಂತರ ಸಂಕ್ರಾಂತಿಯದ್ದು, ಯುಗಾದಿಯದ್ದು. ವರ್ಷದ ಹನ್ನೆರಡು ತಿಂಗಳೂ ರಿಯಾಯಿತಿಯೇ ಆದರೆ, ರಿಯಾಯಿತಿ ಇಲ್ಲದ ನಿಜವಾದ ಬೆಲೆ ಇರುವುದು ಯಾವ ತಿಂಗಳಲ್ಲಿ? ಈ ಸರಳ ಪ್ರಶ್ನೆಯನ್ನು ನಾವು ಅಂಗಡಿಯವನಿಗೂ ಕೇಳುವುದಿಲ್ಲ, ನಮಗೆ ನಾವೂ ಕೇಳಿಕೊಳ್ಳುವುದಿಲ್ಲ.

ನನ್ನ ತಕರಾರು ಉಳಿತಾಯದ ಮೇಲಲ್ಲ. ಹತ್ತು ರೂಪಾಯಿ ಉಳಿಸಲು ನಾಲ್ಕು ಅಂಗಡಿ ಅಲೆಯುವ ತಾಯಂದಿರ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಬೇರೆ. ನಮ್ಮ ಸಮಾಜದಲ್ಲಿ ಎರಡು ಬಗೆಯ ರಿಯಾಯಿತಿಗಳಿವೆ. ಒಂದು, ಹಕ್ಕಾಗಿ ಬರುವಂಥದ್ದು. ಕಾನೂನಿನಿಂದಲೋ ಸರ್ಕಾರದ ತೀರ್ಮಾನದಿಂದಲೋ ಬಂದದ್ದು. ಇನ್ನೊಂದು, ಗಾಳಕ್ಕೆ ಸಿಕ್ಕಿಸಿದ ಎರೆಹುಳದಂತೆ ಬರುವಂಥದ್ದು. ನಾವು ಎರಡನೆಯದರ ಹಿಂದೆ ಹೆಮ್ಮೆಯಿಂದ ಓಡುತ್ತೇವೆ, ಮೊದಲನೆಯದನ್ನು 'ಬಿಟ್ಟಿ' ಎಂದು ಹಂಗಿಸುತ್ತೇವೆ. ಈ ತಲೆಕೆಳಗಾದ ಮರ್ಯಾದೆಯ ಬಗ್ಗೆ ನನ್ನ ಜಗಳ.

ಮೊದಲು ಗಾಳದ ಲೆಕ್ಕ ನೋಡೋಣ. 'ಶೇ. 50 ಮತ್ತು ಅದರ ಮೇಲೆ ಶೇ. 20' ಎಂದು ಬರೆದಿದ್ದರೆ ನಮ್ಮ ಮನಸ್ಸು ಶೇ. 70 ಎಂದು ಕೂಡುತ್ತದೆ. ಸಾವಿರ ರೂಪಾಯಿಯ ಬಟ್ಟೆ ಮೊದಲು 500ಕ್ಕೆ ಇಳಿಯುತ್ತದೆ, ಆ 500ರಲ್ಲಿ ಶೇ. 20 ಎಂದರೆ 100. ಕೊಡಬೇಕಾದದ್ದು 400, ಅಂದರೆ ಸಿಕ್ಕಿದ್ದು ಶೇ. 60. 'ಎರಡು ಕೊಂಡರೆ ಒಂದು ಉಚಿತ' ಎಂದರೆ ಮೂರರಲ್ಲಿ ಒಂದು ಭಾಗದ ರಿಯಾಯಿತಿ. ಅದೂ ಮೂರೂ ಬೇಕಾಗಿದ್ದರೆ ಮಾತ್ರ. ಒಂದೇ ಬೇಕಾಗಿದ್ದವನಿಗೆ ಅದು ರಿಯಾಯಿತಿಯಲ್ಲ, ಒಂದರ ಬದಲು ಎರಡರ ಬೆಲೆ ತೆತ್ತ ದಂಡ.

ಕೂಪನ್ನಿನ ಲೆಕ್ಕ ಇನ್ನೂ ಸೊಗಸು. 1,800 ರೂಪಾಯಿಯ ಬಟ್ಟೆ ತರಲು ಹೊರಟ ಸಂಸಾರವೊಂದನ್ನು ಊಹಿಸಿಕೊಳ್ಳಿ. '3,000ದ ಖರೀದಿಗೆ 500 ರೂಪಾಯಿಯ ಕೂಪನ್' ಎಂದು ಕಂಡು 3,000 ಖರ್ಚು ಮಾಡುತ್ತಾರೆ. ಆ ಕೂಪನ್ ನಡೆಯುವುದು ಮುಂದಿನ ಖರೀದಿಗೆ, ಒಂದು ತಿಂಗಳೊಳಗೆ, ಕನಿಷ್ಠ 2,000 ರೂಪಾಯಿಗೆ. ಕೂಪನ್ ಹಾಳಾದೀತೆಂದು ಮತ್ತೆ ಹೋಗಿ 1,500 ಕೊಟ್ಟು ಬರುತ್ತಾರೆ. ಒಟ್ಟು ಖರ್ಚು 4,500. ಬೇಕಾಗಿದ್ದದ್ದು 1,800ರದ್ದು. ಮನೆಗೆ ಬಂದು 'ಐನೂರು ಉಳೀತು' ಎಂದು ನೆರೆಮನೆಯವರಿಗೆ ಹೇಳುತ್ತಾರೆ. ಕೈಬಿಟ್ಟು ಹೋದ 2,700ರ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅದನ್ನು ಯಾವ ಬಿಲ್ಲಿನಲ್ಲೂ ಮುದ್ರಿಸುವುದಿಲ್ಲ.

ಪೊಟ್ಟಣದ ಮೇಲಿನ ಎಂಆರ್‌ಪಿ ಎಂದರೆ ಗರಿಷ್ಠ ಚಿಲ್ಲರೆ ಬೆಲೆ. ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದು ಅದರ ಅರ್ಥ. ಇದೇ ನ್ಯಾಯವಾದ ಬೆಲೆ ಎಂದಲ್ಲ. ಆ ಅಂಕಿಯನ್ನು ಅಚ್ಚು ಹಾಕುವವನು ತಯಾರಕನೇ. 500ಕ್ಕೆ ಮಾರಬೇಕೆಂದಿರುವ ಅಂಗಿಗೆ 1,000 ಎಂದು ಅಚ್ಚು ಹಾಕಿ, ಮೇಲೊಂದು ಗೀಟು ಎಳೆದರೆ ಶೇ. 50ರ ರಿಯಾಯಿತಿ ಹುಟ್ಟಿತು. ಇದಕ್ಕೆ ಶಾಯಿಯ ಖರ್ಚು ಬಿಟ್ಟರೆ ಬೇರೆ ಬಂಡವಾಳ ಬೇಡ.

ಹೊರಗೆ ಸುತ್ತಾಡುವ ವಿಚಾರದಲ್ಲೂ ಇದೇ ಕತೆ. ವಸ್ತುಪ್ರದರ್ಶನಗಳಲ್ಲಿ, ದೊಡ್ಡ ಅಂಗಡಿಗಳ ಬಾಗಿಲಲ್ಲಿ 'ಅದೃಷ್ಟ ಕೂಪನ್' ಎಂದು ಚೀಟಿ ಕೊಟ್ಟು ಹೆಸರು, ಫೋನ್ ನಂಬರ್, ಸಂಬಳ ಬರೆಸಿಕೊಳ್ಳುತ್ತಾರೆ. ವಾರದ ನಂತರ ಫೋನು ಬರುತ್ತದೆ: ನಿಮಗೆ ಉಚಿತ ಪ್ರವಾಸ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬನ್ನಿ. ಹೋದರೆ ಎರಡು ಮೂರು ತಾಸು ಕೂರಿಸಿ, ಲಕ್ಷದ ಲೆಕ್ಕದ ಸದಸ್ಯತ್ವಕ್ಕೆ ಸಹಿ ಹಾಕಿಸಲು ನೋಡುತ್ತಾರೆ. ಉಚಿತ ಪ್ರವಾಸಕ್ಕೆ ನಾವು ಕೊಟ್ಟ ಬೆಲೆ ನಮ್ಮ ಫೋನ್ ನಂಬರು, ಜೊತೆಗೆ ಇಲ್ಲ ಎನ್ನಲು ಸಂಕೋಚಪಡುವ ನಮ್ಮ ಸಜ್ಜನಿಕೆ.

ಈಗ ಇನ್ನೊಂದು ಬಗೆಯ ರಿಯಾಯಿತಿಗೆ ಬರೋಣ. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಐಷಾರಾಮಿಯಲ್ಲದ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳು ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲದೆ ಓಡಾಡಬಹುದು. 2025ರ ಜುಲೈ ಹೊತ್ತಿಗೆ ಹೀಗೆ ಹರಿದ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸು, ಮಳವಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಬರುವ ಬಸುರಿ, ಮದ್ದೂರಿನಿಂದ ಕಾಲೇಜಿಗೆ ಹೋಗುವ ಹುಡುಗಿ, ತವರಿಗೆ ಹೊರಟ ನಮ್ಮ ಫಾತಿಮಾ, ಲಕ್ಷ್ಮಮ್ಮಂದಿರು ಎಲ್ಲರೂ ಇದರಲ್ಲಿದ್ದಾರೆ. ಆದರೆ ಹೋಟೆಲಿನ ಟೇಬಲ್ಲುಗಳಲ್ಲಿ ಕೇಳಿಬಂದದ್ದೇನು? 'ಬಿಟ್ಟಿ ಬಸ್ಸು ಅಂತ ಮನೆ ಮಠ ಬಿಟ್ಟು ಊರೂರು ಸುತ್ತಕ್ ಹೊಂಟವ್ರೆ.' ಹೀಗೆಂದವರ ಜೇಬಿನಲ್ಲಿ ಎರಡು ಕೂಪನ್ನುಗಳಿರುತ್ತವೆ, ಮೊಬೈಲಿನಲ್ಲಿ ಮೂರು ಆಫರುಗಳಿರುತ್ತವೆ.

'ಬಿಟ್ಟಿ' ಎಂಬ ಪದದ ಇತಿಹಾಸ ಗೊತ್ತಿದ್ದರೆ ಅವರು ಅದನ್ನು ಇಷ್ಟು ಸುಲಭವಾಗಿ ಬಳಸುತ್ತಿರಲಿಲ್ಲ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಪದ ಅದು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಬಿಟ್ಟಿ ಎನ್ನುತ್ತಿದ್ದರು; 'ಬಿಟ್ಟಿ ಚಾಕರಿ' ಎಂಬ ಮಾತು ಇನ್ನೂ ಉಳಿದಿದೆ. ಹಾಗಾದರೆ ಬಿಟ್ಟಿ ಪಡೆದವರು ಯಾರು, ಮಾಡಿದವರು ಯಾರು? ಕೋಳಿ ಕೂಗುವ ಹೊತ್ತಿಗೆ ಎದ್ದು ಮುದ್ದೆ ತೊಳಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹಸು ಮೇಯಿಸಿ, ಅತ್ತೆ ಮಾವಂದಿರ ಸೇವೆ ಮಾಡಿ, ಅದಕ್ಕೆ ಒಂದು ಪೈಸೆ ಕೂಲಿ ಕಾಣದ ಹೆಣ್ಣು ಬಿಟ್ಟಿ ಮಾಡಿದವಳು. ಆಕೆಯ ಒಂದು ಬಸ್ ಟಿಕೆಟ್ಟನ್ನು ಬಿಟ್ಟಿ ಎನ್ನುವವರು ಆ ಬಿಟ್ಟಿಯನ್ನು ಉಂಡವರು.

ಶಕ್ತಿಯಲ್ಲಿ ಕುಂದುಗಳಿಲ್ಲವೆಂದು ನಾನು ಹೇಳುವುದಿಲ್ಲ. ಬಸ್ಸುಗಳು ಸಾಲವು, ನೂಕುನುಗ್ಗಲು ನಿಜ. 2025ರ ಜನವರಿ 5ರಿಂದ ಬಸ್ ದರ ಶೇ. 15ರಷ್ಟು ಏರಿದಾಗ ಆ ಹೊರೆ ಟಿಕೆಟ್ ಕೊಳ್ಳುವ ಗಂಡಸರ ಮೇಲೆ ಬಿತ್ತು. ಕೂಲಿಗೆ ಹೋಗುವ ಬಡ ಗಂಡಸಿಗೆ ಅದು ಸಣ್ಣ ಹೊರೆಯಲ್ಲ. ಇವನ್ನು ಹೇಳಬೇಕು, ಹೆಚ್ಚು ಬಸ್ಸು ಬಿಡಿಸಿಕೊಳ್ಳಬೇಕು. ಆದರೆ ಬಸ್ಸು ಸಾಲದು ಎಂಬುದು ಬೇರೆ ಮಾತು, ಹೆಂಗಸು ಓಡಾಡಬಾರದು ಎಂಬುದು ಬೇರೆ ಮಾತು. ಮೊದಲನೆಯ ಮಾತಿನ ಹೊದಿಕೆಯಲ್ಲಿ ಎರಡನೆಯದನ್ನು ಸಾಗಿಸುವುದು ಸಾಕು.

ಇನ್ನು ಕಾರಿನವರ ಕಡೆ ನೋಡಿ. ಬೆಂಗಳೂರು ಮೈಸೂರು ದಶಪಥ 2023ರ ಮಾರ್ಚ್ 12ರಂದು ಮಂಡ್ಯದಲ್ಲೇ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರುಗಳು ಬರುವಂತಿಲ್ಲವೆಂದಾಯಿತು. ನೆಲ ಕೊಟ್ಟ ಮಂಡ್ಯದ ರೈತನ ಟ್ರ್ಯಾಕ್ಟರು ಸರ್ವಿಸ್ ರಸ್ತೆಯಲ್ಲಿ ತೆವಳುತ್ತದೆ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆಂದು ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂತು: ಆಗ 3,000 ರೂಪಾಯಿಗೆ 200 ಬಾರಿ ಟೋಲ್ ದಾಟಬಹುದಿತ್ತು, ಅಂದರೆ ಬಾರಿಗೆ 15 ರೂಪಾಯಿ. ಒಳ್ಳೆಯದೇ. ಆದರೆ ಇದನ್ನು ಯಾರಾದರೂ ಬಿಟ್ಟಿ ಎಂದರೇ? 'ಪಾಸ್ ಸಿಕ್ಕಿತೆಂದು ಊರೂರು ಸುತ್ತಲು ಹೊರಟಿದ್ದಾರೆ' ಎಂದು ಕಾರಿನವರನ್ನು ಆಡಿಕೊಂಡರೇ? ಕಾರಿಗೆ ಸಿಕ್ಕರೆ ಅದು ಅನುಕೂಲ, ಸೆರಗಿಗೆ ಸಿಕ್ಕರೆ ಬಿಟ್ಟಿ. ಇದು ಅರ್ಥಶಾಸ್ತ್ರವಲ್ಲ ಸ್ವಾಮಿ, ಜಾತಿಶಾಸ್ತ್ರ.

ಇದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಅದನ್ನು ನಿಲ್ಲಿಸಿದರು. ಕೋವಿಡ್ ಹೋಯಿತು, ರೈಲು ಓಡಿತು, ಐದು ವರ್ಷ ಕಳೆದರೂ ರಿಯಾಯಿತಿ ಮರಳಲಿಲ್ಲ. ನಮ್ಮ ಅಪ್ಪ ಅಮ್ಮಂದಿರ ಜೇಬಿಗೆ ಬಿದ್ದ ಕತ್ತರಿ ಇದು. ಇದಕ್ಕಾಗಿ ನಮ್ಮ ಊರುಗಳಲ್ಲಿ ಎಷ್ಟು ಮೆರವಣಿಗೆ ನಡೆದವು? ಅಂಗಡಿಯ ಆಫರ್ ನಾಳೆಗೆ ಮುಗಿಯುತ್ತದೆಂದರೆ ಮಳೆಯಲ್ಲೂ ಸಾಲು ನಿಲ್ಲುವ ನಾವು, ನಿಜವಾದ ರಿಯಾಯಿತಿ ಕಸಿದಾಗ ಕೊಡೆ ಮಡಚಿಕೊಂಡು ಮನೆಯಲ್ಲಿದ್ದೆವು.

ಈಗ ಆ 'ರಿಯಾಯಿತಿ' ಎಂಬ ಪದವನ್ನೇ ಹಿಡಿದು ನೋಡೋಣ. ಉರ್ದು ಬಲ್ಲವರಿಗೆ ಇದು 'ರಿಆಯತ್' ಎಂದು ಗೊತ್ತು. ಅರಬಿಯಲ್ಲಿ ಅದರ ಮೂಲಾರ್ಥ ಕಾಯುವುದು, ಪಾಲಿಸುವುದು. ಕುರಿಮಂದೆಯನ್ನು ಕುರುಬ ಕಾಯುವಂತೆ. ಅದೇ ಧಾತುವಿನಿಂದ 'ರಅಯ್ಯತ್' ಎಂಬ ಪದ ಬಂತು. ಪಾಲನೆಯಲ್ಲಿರುವವರು, ಪ್ರಜೆಗಳು ಎಂದು ಅದರ ಅರ್ಥ. ಅದೇ ನಮ್ಮ ನೆಲಕ್ಕೆ ಬಂದು 'ರೈತ' ಆಯಿತು. ರೈತ ಮತ್ತು ರಿಯಾಯಿತಿ ಒಂದೇ ತಾಯಿಯ ಮಕ್ಕಳು. ಪ್ರತಿಯೊಬ್ಬರೂ ಒಂದಲ್ಲ ಒಂದು ಮಂದೆಯ ಕಾವಲುಗಾರರು, ಅದರ ಬಗ್ಗೆ ಪ್ರತಿಯೊಬ್ಬರೂ ಉತ್ತರ ಕೊಡಬೇಕು ಎಂದು ಪ್ರವಾದಿ ಮುಹಮ್ಮದ್ (ಸ) ಹೇಳಿದ ಪ್ರಸಿದ್ಧ ಮಾತಿನಲ್ಲಿರುವುದೂ ಇದೇ ಧಾತು. ರಿಯಾಯಿತಿ ಎಂದರೆ ದುರ್ಬಲನನ್ನು ಕಾಯುವುದು. ಅದು ವ್ಯಾಪಾರದ ತಂತ್ರವಲ್ಲ, ಹೊಣೆಗಾರಿಕೆ.

ಹಾಗಾದರೆ ರಿಯಾಯಿತಿಯ ಒಡಹುಟ್ಟಿದವನಾದ ರೈತನಿಗೆ ಮಂಡ್ಯದಲ್ಲಿ ಯಾವ ರಿಯಾಯಿತಿ ಸಿಕ್ಕಿದೆ? 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ದರ, ಇಳುವರಿ ಶೇ. 10.25 ಇದ್ದರೆ ಟನ್ನಿಗೆ 3,550 ರೂಪಾಯಿ, ಶೇ. 9.5 ಅಥವಾ ಅದಕ್ಕೂ ಕಡಿಮೆಯಾದರೆ ಸುಮಾರು 3,290. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ತಡವಾದರೆ ಬಡ್ಡಿ ಕೊಡಬೇಕೆಂದೂ ಹೇಳುತ್ತದೆ. ಬಾಕಿಗಾಗಿ ಕಾರ್ಖಾನೆ ಬಾಗಿಲಲ್ಲಿ ಕೂರುವ ರೈತನನ್ನು ಕೇಳಿ, ಆದೇಶ ಎಷ್ಟು ನಡೆಯುತ್ತದೆಂದು. ಮಂಡ್ಯದ ಬೆಲ್ಲಕ್ಕೆ, ಮದ್ದೂರಿನ ಎಳನೀರಿಗೆ ಇಂಥ ನಿಗದಿ ದರವೂ ಇಲ್ಲ. ನಗರದಲ್ಲಿ ಒಂದು ಎಳನೀರಿಗೆ ನಾವು ಕೊಡುವ ದುಡ್ಡಿಗೂ ಮದ್ದೂರಿನ ಮಾರುಕಟ್ಟೆಯಲ್ಲಿ ರೈತನ ಕೈಗೆ ಬೀಳುವ ದುಡ್ಡಿಗೂ ಇರುವ ಅಂತರವನ್ನು ಯಾವ ಬ್ಯಾನರೂ ಬರೆಯುವುದಿಲ್ಲ. ದೊಡ್ಡ ಅಂಗಡಿ 'ತರಕಾರಿ ಅರ್ಧ ಬೆಲೆಗೆ' ಎಂದು ಕೊಟ್ಟಾಗ ಆ ಇನ್ನರ್ಧ ಎಲ್ಲಿಂದ ಬಂತು? ಬೆಳೆದವನಿಂದ ಬಂದಿರಬಹುದು, ತೂಗಿ ಕಟ್ಟುವ ಹುಡುಗಿಯ ಸಂಬಳದಿಂದ ಬಂದಿರಬಹುದು, ಅಥವಾ ಪಕ್ಕದ ಸಾಲಿನಲ್ಲಿಟ್ಟ ಸೋಪಿನ ಬೆಲೆಯಲ್ಲಿ ನಾವೇ ತೆತ್ತಿರಬಹುದು. ಆಕಾಶದಿಂದಂತೂ ಬಿದ್ದಿಲ್ಲ.

ಹೋಲಿಕೆಗೆ ನಮ್ಮ ಹಾಲಿನ ಪೊಟ್ಟಣವನ್ನೇ ತೆಗೆದುಕೊಳ್ಳಿ. 2024ರ ಜೂನ್ 26ರಂದು ನಂದಿನಿ ಪೊಟ್ಟಣಕ್ಕೆ 50 ಮಿ.ಲೀ. ಹೆಚ್ಚಿಗೆ ಹಾಕಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್ 1ರಂದು ಆ 50 ಮಿ.ಲೀ. ಹಿಂದಕ್ಕೆ ಪಡೆದು, ಲೀಟರಿಗೆ 4 ರೂಪಾಯಿ ಏರಿಸಿದರು. 'ಹೆಚ್ಚುವರಿ' ಎಂಬುದು ಹೇಗೆ ಬಂದು ಹೇಗೆ ಹೋಗುತ್ತದೆ ಎಂಬುದಕ್ಕೆ ಇದು ಪಾಠ. ಆದರೂ ಒಂದು ವ್ಯತ್ಯಾಸವಿದೆ. ಅದು ಸಹಕಾರಿ ಸಂಸ್ಥೆ; ಏರಿಸಿದ ಹಣ ಹಾಲು ಹಾಕುವವರಿಗೆ ಎಂದು ಎಲ್ಲರೆದುರು ಹೇಳಿತು, ಹೇಳಿದ್ದನ್ನು ಮಾಡಿತೇ ಎಂದು ನಾವು ಕೊರಳಪಟ್ಟಿ ಹಿಡಿದು ಕೇಳಬಹುದು. ಆಫರಿನ ಕಂಪನಿಯನ್ನು ಎಲ್ಲಿ ಹಿಡಿಯುತ್ತೀರಿ?

ನಮ್ಮ ಸಮುದಾಯದವರಿಗೆ ಎರಡು ಮಾತು ಹೇಳಲೇಬೇಕು. ಅಳತೆ ತೂಕದಲ್ಲಿ ವಂಚಿಸುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, 'ಅಲ್ ಮುತಫ್ಫಿಫೀನ್' ಎಂದು ಅದರ ಹೆಸರು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಕೂಗುವುದನ್ನು ಪ್ರವಾದಿಯವರು (ಸ) ನಿಷೇಧಿಸಿದರು. ಪೇಟೆಯ ಧಾರಣೆ ತಿಳಿಯುವ ಮೊದಲೇ ಊರ ಹೊರಗೆ ಹೋಗಿ ಹಳ್ಳಿಗನ ಮಾಲನ್ನು ಹೊಡೆದುಕೊಳ್ಳುವುದನ್ನೂ ನಿಷೇಧಿಸಿದರು. ತೋಟದ ಬದುವಿನಲ್ಲೇ ನಿಂತು ಎಳನೀರಿನ ದರ ಮುರಿಯುವ ದಲ್ಲಾಳಿಗೂ, ಇಲ್ಲದ ಬೆಲೆಗೆ ಗೀಟು ಎಳೆಯುವ ಅಂಗಡಿಗೂ ಈ ಮಾತು ಸಲ್ಲುತ್ತದೆ. ಅಂಗಡಿಯವನ ಹೆಸರು ಅಬ್ದುಲ್ಲಾ ಆದರೂ ಸಲ್ಲುತ್ತದೆ. ರಂಜಾನಿನ ಕೊನೆಯ ಹತ್ತು ರಾತ್ರಿಗಳು ಪ್ರಾರ್ಥನೆಗೆಂದು ಇರುವಂಥವು. ಅವು ನಮ್ಮ ಪೇಟೆಗಳಲ್ಲಿ ಸಹರಿಯವರೆಗೆ ಬಟ್ಟೆ, ಬಳೆ, ಚಪ್ಪಲಿಗಳ ಆಫರಿನಲ್ಲಿ ಕಳೆಯುತ್ತಿವೆ. ಒಂದು ತಿಂಗಳು ಹಸಿವನ್ನು ಗೆದ್ದವರು ಕೊನೆಯ ವಾರದಲ್ಲಿ ಒಂದು ಬ್ಯಾನರಿಗೆ ಸೋಲುತ್ತಾರೆ.

'ನಮ್ಮವರು' ಎಂಬ ನಂಬಿಕೆಯೇ ಗಾಳವಾದದ್ದನ್ನೂ ಕಂಡಿದ್ದೇವೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹತ್ತಾರು ಸಾವಿರ ಜನ ದೂರು ಕೊಡಲು ಸಾಲು ನಿಂತರು. ಮಗಳ ಮದುವೆಗೆಂದು ಕೂಡಿಟ್ಟವರು, ಗಂಡ ಸತ್ತ ಮೇಲೆ ಬಂದ ಹಣ ಹಾಕಿದವರು ಆ ಸಾಲಿನಲ್ಲಿದ್ದರು. ಹಲಾಲ್ ಲಾಭ ಎಂಬ ಬ್ಯಾನರ್ ಅಲ್ಲಿತ್ತು. ಬ್ಯಾನರ್ ಹಸಿರಾಗಿದ್ದರೂ ಲೆಕ್ಕ ಕೇಳಬೇಕು.

ಇನ್ನೊಂದು ನಷ್ಟವಿದೆ, ಅದು ರೂಪಾಯಿಯದಲ್ಲ. ಸಂತೆಯಲ್ಲಿ ನಾವು ಚೌಕಾಸಿ ಮಾಡುತ್ತೇವೆ. 'ಏನಣ್ಣ, ಹೋದ ವಾರ ಇಪ್ಪತ್ತು ಅಂದಿದ್ದೆ' ಎಂದರೆ, 'ಅಕ್ಕ, ಮಳೆ ಇಲ್ಲ ಕಣಕ್ಕ, ಹದಿನೆಂಟಕ್ಕೆ ತಗೊಂಡು ಹೋಗು' ಎಂಬ ಉತ್ತರ ಬರುತ್ತದೆ. ಅಲ್ಲಿ ಬೆಲೆಯ ಜೊತೆ ಮಳೆ, ಮಗು, ಮದುವೆ ಎಲ್ಲವೂ ವಿನಿಮಯವಾಗುತ್ತದೆ. 2022ರಲ್ಲಿ ಮೈಷುಗರ್ ಮತ್ತೆ ಕಬ್ಬು ಅರೆಯುವ ಮುನ್ನ ಅದು ನಿಂತಿದ್ದ ವರ್ಷಗಳಲ್ಲಿ, 2020ರ ಲಾಕ್‌ಡೌನಿನಲ್ಲಿ, ಉದ್ರಿ ಪುಸ್ತಕ ತೆರೆದಿಟ್ಟವನು ಬೀದಿಯ ಕಿರಾಣಿ ಅಂಗಡಿಯವನೇ ಹೊರತು ಮೊಬೈಲಿನೊಳಗಿನ ಅಂಗಡಿಯಲ್ಲ. ಇದೇ ಸಂತೆಯ ಮೇಲೆ ಇನ್ನೊಂದು ಕಡೆಯಿಂದಲೂ ಏಟು ಬಿದ್ದಿದೆ. 2022ರಲ್ಲಿ ಕರಾವಳಿಯಿಂದ ಶುರುವಾಗಿ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬೇಡಿ ಎಂಬ ಕೂಗೆದ್ದಿತು. 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ ಗಣೇಶ ಮೆರವಣಿಗೆಯ ಮೇಲೆ ಕಲ್ಲು ಬಿತ್ತು, ಹಿಂದೆಯೇ ಬಂದ್ ಬಂತು. ಕಲ್ಲು ಎಸೆದವರು ಯಾರೇ ಆಗಲಿ, ಅವರು ಖಂಡನಾರ್ಹರು. ಆದರೆ ಆ ದಿನಗಳಲ್ಲಿ ಬಾಗಿಲೆಳೆದು ಕೂತದ್ದು ದಿನದ ದುಡಿಮೆ ದಿನಕ್ಕೆ ಉಣ್ಣುವ ಎರಡೂ ಕಡೆಯ ಚಿಲ್ಲರೆ ವ್ಯಾಪಾರಿಗಳು. ದ್ವೇಷಕ್ಕೂ ಆಫರಿಗೂ ಸಂಬಂಧವಿಲ್ಲ ಎನ್ನಬಹುದು. ನನಗೆ ಕಾಣುವುದು ಇಷ್ಟು: ಎರಡೂ ಒಂದೇ ಜಾಗವನ್ನು ಖಾಲಿ ಮಾಡುತ್ತಿವೆ, ಜನ ಜನರನ್ನು ಮುಖ ನೋಡಿ ಮಾತಾಡಿಸುವ ಜಾಗವನ್ನು.

ಹಾಗಾದರೆ ಮಾಡುವುದೇನು? ಬ್ಯಾನರ್ ನೋಡುವ ಮೊದಲು ಚೀಟಿ ಬರೆಯಿರಿ. ಚೀಟಿಯಲ್ಲಿ ಇಲ್ಲದ್ದು ಎಷ್ಟು ಅಗ್ಗವಾದರೂ ದುಬಾರಿ. ಪೊಟ್ಟಣದ ಮೇಲೆ ಗ್ರಾಮಿಗೋ ಕಿಲೋಗೋ ಎಷ್ಟು ಎಂದು ಬರೆಯಬೇಕೆಂದು 2021ರ ನವೆಂಬರಿನ ತಿದ್ದುಪಡಿ ಹೇಳುತ್ತದೆ, ಅದನ್ನು ಓದಿ ಹೋಲಿಸಿ. 2022ರ ಜುಲೈ 18ರಂದು 25 ಕಿಲೋವರೆಗಿನ ಪೊಟ್ಟಣದ ಅಕ್ಕಿ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು, ಬಿಡಿಯಾಗಿ ಅಳೆದು ಕೊಡುವುದಕ್ಕೆ ಬರಲಿಲ್ಲ. ಸಂತೆಯ ಸೇರಿನಲ್ಲೇ ಒಂದು ರಿಯಾಯಿತಿ ಇದೆ. 2025ರ ಸೆಪ್ಟೆಂಬರ್ 22ರಂದು ಸೋಪು, ಟೂತ್‌ಪೇಸ್ಟು, ತಲೆಗೆಣ್ಣೆಗಳ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಅದು ಅಂಗಡಿಯ ಔದಾರ್ಯವಲ್ಲ, ನಿಮ್ಮ ಹಣ; ಇಳಿಯದಿದ್ದರೆ ಕೇಳಿ.

ಬಿಲ್ಲು ಪಡೆಯಿರಿ. ದಾಸ್ತಾನಿಲ್ಲದ ಮಾಲು ತೋರಿಸಿ ಕರೆಯುವ ಜಾಹೀರಾತನ್ನು 2022ರ ಮಾರ್ಗಸೂಚಿ ತಡೆಯುತ್ತದೆ. 'ಇನ್ನೈದು ನಿಮಿಷ ಮಾತ್ರ' ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರಿನ ಮಾರ್ಗಸೂಚಿ ತಡೆಯುತ್ತದೆ. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ, ಚೀಲಕ್ಕೆ 3 ರೂಪಾಯಿ ಹಾಕಿದ್ದಕ್ಕೆ ಬಾಟಾ ಕಂಪನಿಗೆ 9,000 ರೂಪಾಯಿ ಕೊಡಲು ಹೇಳಿತು. ಮೂರು ರೂಪಾಯಿಗಾಗಿ ಒಬ್ಬ ಗ್ರಾಹಕ ಜಗಳಕ್ಕೆ ನಿಂತದ್ದರಿಂದ ದೇಶಕ್ಕೆಲ್ಲ ಕಾನೂನು ಕಲಿಸಿದಂತಾಯಿತು. ಮಂಡ್ಯದಲ್ಲೂ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿದರೂ ದೂರು ದಾಖಲಾಗುತ್ತದೆ. ಇವೂ ರಿಯಾಯಿತಿಗಳೇ, ಇವಕ್ಕೆ ಬ್ಯಾನರ್ ಕಟ್ಟುವವರಿಲ್ಲ ಅಷ್ಟೆ.

ಸುತ್ತಾಡಲು ಕೂಪನ್ ಬೇಕಿಲ್ಲ. ಕಾವೇರಿ ತುಂಬಿದಾಗ ಮಳವಳ್ಳಿಯಿಂದ ಗಗನಚುಕ್ಕಿ ದೂರವಿಲ್ಲ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತೆಂದು ಮಕ್ಕಳಿಗೆ ಹೇಳಿ. ಶಿವನಸಮುದ್ರದಲ್ಲಿ ಹಜ್ರತ್ ಮರ್ದಾನೆ ಗೈಬ್ ದರ್ಗಾವೂ ಇದೆ, ದೇವಸ್ಥಾನಗಳೂ ಇವೆ. ಎರಡಕ್ಕೂ ಬರುವ ಜನರನ್ನು ತೋರಿಸಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ದೂರದಿಂದ ಬರುವ ಹಕ್ಕಿಗಳನ್ನು ಹೆರಿಗೆಗೆ ಬಂದ ಮಗಳಂತೆ ಊರವರು ಕಾದಿದ್ದಾರೆ. ರಿಆಯತ್ ಎಂಬ ಪದದ ಅರ್ಥ ಅಲ್ಲಿ ಮರದ ಮೇಲೆ ಕೂತಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ 15 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಮುಂದಿನ ಸಲ ಬಸ್ಸಿನಲ್ಲಿ ಯಾರಾದರೂ ಬಿಟ್ಟಿ ಎಂದರೆ ಸುಮ್ಮನಿರಬೇಡಿ, ಅವರ ಕೈಚೀಲದ ಮೇಲಿನ ಶೇ. 50 ಎಂಬ ಅಕ್ಷರ ತೋರಿಸಿ ಅದರ ಲೆಕ್ಕ ಕೇಳಿ. ಮುದುಕರ ರೈಲು ರಿಯಾಯಿತಿ ವಾಪಸ್ ಕೊಡಿ ಎಂದು ನಿಮ್ಮ ಸಂಸದರಿಗೆ ಒಂದು ಕಾಗದ ಬರೆಯಿರಿ. ಭಿಕ್ಷೆಯನ್ನು ಸಾಲು ನಿಂತು ಪಡೆದು ಹಕ್ಕನ್ನು ಬೀದಿಗೆ ಎಸೆಯುವ ಸಮಾಜಕ್ಕೆ ಕೊನೆಗೆ ಎರಡೂ ಉಳಿಯುವುದಿಲ್ಲ.